ಹೆಣ್ಣುಮಕ್ಕಳ ತೂಕವನ್ನು ಕೂಗಿ ಹೇಳಬೇಡಿ

ಮಾನ್ಯ ಸಂಪಾದಕರೇ,

ಶಾಲೆಗಳು ಶುರುವಾಗಿವೆ. ದಾಖಲಾತಿ, ಪಠ್ಯಪುಸ್ತಕ, ಸಮವಸ್ತ್ರದ ಗಡಿಬಿಡಿ ಮುಗಿಯುತ್ತಿದ್ದ ಹಾಗೆ ಪ್ರೌಢಶಾಲೆಗಳಲ್ಲಿ ಇನ್ನೊಂದು ಕೆಲಸ ಇರುತ್ತದೆ. ಮಕ್ಕಳ ಎತ್ತರ, ತೂಕ ತೆಗೆದು ದಾಖಲೆಯಲ್ಲಿ ಬರೆಯುವುದು. ಇದು ಸಾಮಾನ್ಯವಾಗಿ ದೈಹಿಕ ಶಿಕ್ಷಕರ ತಲೆಗೇ ಬರುತ್ತದೆ. ನಾನು ಕಡೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ಈ ಕೆಲಸ ನಡೆಯುವ ರೀತಿಯ ಬಗ್ಗೆ, ಅದರ ಜೊತೆಗೆ ಶಾಲೆಯಲ್ಲಿ ಹೆಣ್ಣುಮಕ್ಕಳ ಮೈ ಬಗ್ಗೆ ನಾವು ಆಡುವ ಮಾತಿನ ಬಗ್ಗೆ ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಕಂಡ ಎಷ್ಟೋ ಶಾಲೆಗಳಲ್ಲಿ ಇದು ಹೀಗೆ ನಡೆಯುತ್ತದೆ. ಜಗಲಿಯ ಮೇಲೆ ತೂಕದ ಯಂತ್ರ ಇಡುತ್ತಾರೆ. ಪಕ್ಕದ ಗೋಡೆಗೆ ಅಳತೆ ಟೇಪು ಅಂಟಿಸಿರುತ್ತಾರೆ. ಇಡೀ ತರಗತಿ ಸಾಲಾಗಿ ನಿಂತಿರುತ್ತದೆ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಒಬ್ಬರು ಮುಳ್ಳು ನೋಡಿ ಕೂಗುತ್ತಾರೆ, ಇನ್ನೊಬ್ಬರು ಬೆಂಚಿನ ಮೇಲೆ ಕೂತು ಬರೆದುಕೊಳ್ಳುತ್ತಾರೆ. ‘ಐವತ್ತೆಂಟು’ ಅಂದ ತಕ್ಷಣ ಹುಡುಗರ ಸಾಲಿನಲ್ಲಿ ಕಿಸಕ್ಕನೆ ನಗು. ‘ಮೂವತ್ತೊಂದು’ ಅಂದರೂ ನಗು. ಜೊತೆಗೆ ಮೇಷ್ಟ್ರು ‘ಏನಮ್ಮಾ, ಮನೇಲಿ ಎಲ್ಲಾ ನೀನೇ ತಿಂತೀಯಾ’ ಅಂತ ಒಂದು ಮಾತು ಸೇರಿಸಿಬಿಟ್ಟರೆ ಮುಗಿಯಿತು. ಅವತ್ತು ಬಿದ್ದ ಅಡ್ಡಹೆಸರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಬಿಡುವುದಿಲ್ಲ.

ನಾನಿದ್ದ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಇದೇ ಸಾಲಿನಲ್ಲಿ ನೋಡಿದೆ. ತನ್ನ ಸರದಿ ಹತ್ತಿರ ಬಂದ ಹಾಗೆ ಮೊದಲು ಚಪ್ಪಲಿ ಬಿಟ್ಟಳು. ಆಮೇಲೆ ಸಮವಸ್ತ್ರದ ಬೆಲ್ಟ್ ಬಿಚ್ಚಿದಳು. ಕೈಗಡಿಯಾರ ತೆಗೆದು ಗೆಳತಿಯ ಕೈಗೆ ಕೊಟ್ಟಳು. ಕೊನೆಗೆ ತಲೆಯ ಕ್ಲಿಪ್ಪನ್ನೂ ತೆಗೆದಳು. ಒಂದು ಕ್ಲಿಪ್ಪು ಎಷ್ಟು ತೂಗೀತು ಹೇಳಿ! ಯಂತ್ರದ ಮೇಲೆ ನಿಂತವಳು ಮುಳ್ಳು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಳು. ಸಹೋದ್ಯೋಗಿಯೊಬ್ಬರು ಅವಳ ತೂಕ ಕೂಗಿದರು. ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಆ ಹುಡುಗಿ ನಮ್ಮ ಥ್ರೋಬಾಲ್ ತಂಡದಲ್ಲಿದ್ದಳು. ಅವಳು ಸರ್ವಿಸ್ ಹಾಕಿದರೆ ಎದುರಿನವರ ಕೈ ಉರಿಯುತ್ತಿತ್ತು. ಅಷ್ಟು ಶಕ್ತಿ. ಆ ವಾರದಿಂದ ಬಿಸಿಯೂಟದ ಹೊತ್ತಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು, ಒಂದೇ ಸೌಟು ಅನ್ನ ಹಾಕಿಸಿಕೊಳ್ಳುತ್ತಿದ್ದಳು. ಮೊಟ್ಟೆ ಪಕ್ಕದವಳ ತಟ್ಟೆಗೆ ಹೋಗುತ್ತಿತ್ತು. ಕೇಳಿದರೆ ‘ಹಸಿವಿಲ್ಲ ಮಿಸ್’. ಸೋಮವಾರ ಒಪ್ಪೊತ್ತು ಅಂದಳು. ಆಮೇಲೆ ಶನಿವಾರವೂ ಒಪ್ಪೊತ್ತು ಅಂದಳು. ಒಂದು ದಿನ ಪ್ರಾರ್ಥನೆಯ ಸಾಲಿನಲ್ಲೇ ತಲೆ ಸುತ್ತಿ ಬಿದ್ದಳು. ಸ್ಟೋರ್ ರೂಮಿನಲ್ಲಿ ಮಲಗಿಸಿ, ಬೆಲ್ಲದ ನೀರು ಕುಡಿಸಿ, ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದೆ. ‘ಯಾಕೆ ಪುಟ್ಟ, ಏನಾಗ್ತಿದೆ?’ ಅವಳು ಹೇಳಿದ್ದು ಒಂದೇ ಮಾತು. ‘ಮಿಸ್, ನಾನು ನಲವತ್ತೈದಕ್ಕೆ ಬರಬೇಕು.’ ಆ ನಲವತ್ತೈದು ಎಲ್ಲಿಂದ ಬಂತು ಅಂದರೆ ಅಕ್ಕನ ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋದಿಂದ. ಅವಳ ಎತ್ತರಕ್ಕೂ ವಯಸ್ಸಿಗೂ ಆ ಸಂಖ್ಯೆಗೂ ಸಂಬಂಧವೇ ಇರಲಿಲ್ಲ.

ಈ ವಯಸ್ಸಿನಲ್ಲಿ ಮೈ ತುಂಬಿಕೊಳ್ಳುವುದು ಕಾಯಿಲೆಯಲ್ಲ, ಬೆಳವಣಿಗೆ. ಹೆಣ್ಣುಮಕ್ಕಳು ತುಂಬಾ ಬೇಗ ಎತ್ತರ ಬೆಳೆಯುವುದು ಹನ್ನೊಂದು ಹನ್ನೆರಡರ ಆಸುಪಾಸಿನಲ್ಲಿ, ಮೊದಲ ಮುಟ್ಟಿಗಿಂತ ಸ್ವಲ್ಪ ಮುಂಚೆ. ಮುಟ್ಟಾದ ಮೇಲೆ ಎತ್ತರ ನಿಧಾನವಾಗುತ್ತದೆ, ಸೊಂಟ ಅಗಲವಾಗುತ್ತದೆ, ತೊಡೆ ಎದೆ ತುಂಬಿಕೊಳ್ಳುತ್ತವೆ. ದೊಡ್ಡವರಾದ ಮೇಲೆ ಇರುವ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಸೇರುವುದು ಈ ಹರೆಯದ ವರ್ಷಗಳಲ್ಲೇ. ಒಂದೇ ತರಗತಿಯಲ್ಲಿ ಒಬ್ಬಳು ಆರನೇ ಕ್ಲಾಸಿನಲ್ಲೇ ಮೈನೆರೆದಿರುತ್ತಾಳೆ, ಇನ್ನೊಬ್ಬಳಿಗೆ ಒಂಬತ್ತನೇ ತರಗತಿಗೆ ಬಂದರೂ ಆಗಿರುವುದಿಲ್ಲ. ಬೇಗ ಬೆಳೆದವಳನ್ನು ‘ಆಂಟಿ’ ಅನ್ನುತ್ತಾರೆ, ತಡವಾದವಳನ್ನು ‘ಕಡ್ಡಿ’ ಅನ್ನುತ್ತಾರೆ. ಇಬ್ಬರೂ ಸರಿಯಾಗಿಯೇ ಇದ್ದಾರೆ ಅಂತ ತರಗತಿಯಲ್ಲಿ ನಿಂತು ಹೇಳುವವರು ಯಾರೂ ಇಲ್ಲ. ವಿಜ್ಞಾನದ ಪಾಠದಲ್ಲಿ ಹಾರ್ಮೋನಿನ ಹೆಸರು ಬರುತ್ತದೆ, ಪರೀಕ್ಷೆಗೆ ಪ್ರಶ್ನೆಯೂ ಬರುತ್ತದೆ. ಆದರೆ ‘ನಿನ್ನ ಮೈ ಈಗ ಬದಲಾಗುತ್ತೆ, ಅದು ಸರಿ’ ಅನ್ನುವ ಮಾತು ಪಾಠದಲ್ಲಿ ಬರುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಾದವರು ಶಿಕ್ಷಕರು.

ಊಟ ಬಿಡುವುದರ ಫಲ ಎಲ್ಲಿ ಕಾಣುತ್ತದೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಇದಕ್ಕಾಗಿಯೇ ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುವುದು. ಅದನ್ನು ಊಟ ಆದ ಮೇಲೆ ನುಂಗಬೇಕು. ಬೆಳಿಗ್ಗೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ತಿಂಡಿ ತಿನ್ನದೆ ಬಂದವಳು ಮಧ್ಯಾಹ್ನವೂ ಅರ್ಧ ಹೊಟ್ಟೆ ಉಂಡು ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ. ಆಗ ‘ಮಾತ್ರೆ ಆಗಿಬರಲ್ಲ’ ಅಂತ ಮನೆಯವರೇ ನಿಲ್ಲಿಸಿಬಿಡುತ್ತಾರೆ. ತಪ್ಪು ಮಾತ್ರೆಯದಲ್ಲ, ಖಾಲಿ ಹೊಟ್ಟೆಯದು. ಆ ಹೊಟ್ಟೆ ಖಾಲಿ ಇರಲು ಬಡತನ ಒಂದೇ ಕಾರಣ ಅಂದುಕೊಳ್ಳಬೇಡಿ. ತೆಂಗಿನ ತೋಟ, ಹಾಲು ಕರೆಯುವ ಹಸು ಇರುವ ಮನೆಯ ಹುಡುಗಿಯರೂ ಊಟ ಬಿಡುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ತೊಂದರೆ ಬಿಎಂಐ ಲೆಕ್ಕ. ಕೆ.ಜಿ. ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟಲೆಟ್ ಜನಸಮೂಹದ ಸರಾಸರಿ ತಿಳಿಯಲು ಇಂಥ ಲೆಕ್ಕ ಹಾಕಿದರು, ಒಬ್ಬೊಬ್ಬರ ಆರೋಗ್ಯ ನೋಡಲು ಅಲ್ಲ. ಈಗ ಕೆಲವು ಶಿಕ್ಷಕರು ಮೊಬೈಲಿನಲ್ಲಿ ಲೆಕ್ಕ ಹಾಕಿ ಮಕ್ಕಳ ಎದುರಿಗೇ ‘ನೀನು ಓವರ್‌ವೇಟ್, ನೀನು ಅಂಡರ್‌ವೇಟ್’ ಅಂದುಬಿಡುತ್ತಾರೆ. 18.5ಕ್ಕಿಂತ ಕೆಳಗಿದ್ದರೆ ಕಡಿಮೆ, 25 ದಾಟಿದರೆ ಜಾಸ್ತಿ ಅನ್ನುವ ಗೆರೆಗಳು ದೊಡ್ಡವರಿಗೆ. ಮಕ್ಕಳಿಗೆ ವಯಸ್ಸು ನೋಡಬೇಕು, ಹುಡುಗನೋ ಹುಡುಗಿಯೋ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 19 ವರ್ಷದವರಿಗೆಂದೇ 2007ರಲ್ಲಿ ಬೇರೆ ಪಟ್ಟಿ ಕೊಟ್ಟಿದೆ. ಅದನ್ನು ಇಟ್ಟುಕೊಂಡು ಹೇಳುವುದು ವೈದ್ಯರ ಕೆಲಸ. ನಮ್ಮ ಕೆಲಸ ಅಳತೆ ಸರಿಯಾಗಿ ಬರೆಯುವುದು, ಅನುಮಾನ ಬಂದರೆ ಮಕ್ಕಳ ಆರೋಗ್ಯ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ತೋರಿಸುವುದು. ಅಷ್ಟೇ.

ಹಾಗಾದರೆ ತೂಕ ನೋಡುವುದೇ ಬೇಡವಾ? ಬೇಕು. ಸೊರಗುತ್ತಿರುವ ಮಗು ಯಾವುದು ಅಂತ ಗೊತ್ತಾಗುವುದೇ ಅದರಿಂದ. ಆದರೆ ಯಂತ್ರವನ್ನು ಜಗಲಿಯಿಂದ ಎತ್ತಿ ಒಳಗಿಡಿ. ನಾನು ಆಟದ ಸಾಮಾನಿನ ಕೋಣೆಯಲ್ಲಿ ಇಡುತ್ತಿದ್ದೆ. ಬಾಗಿಲಿಗೆ ಅಡ್ಡವಾಗಿ ಬೀರು ಇತ್ತು. ಒಬ್ಬೊಬ್ಬಳೇ ಒಳಗೆ ಬರಬೇಕು, ಮುಂದಿನವಳು ಬಾಗಿಲಾಚೆ ನಿಲ್ಲಬೇಕು. ಮುಳ್ಳು ನೋಡುವವಳೂ ನಾನೇ, ಬರೆಯುವವಳೂ ನಾನೇ. ಬಾಯಲ್ಲಿ ಸಂಖ್ಯೆ ಹೇಳುತ್ತಿರಲಿಲ್ಲ. ನೋಡಬೇಕು ಅಂದವಳಿಗೆ ಮಾತ್ರ ಅವಳ ಸಾಲನ್ನು ತೋರಿಸುತ್ತಿದ್ದೆ, ಮೇಲಿನ ಕೆಳಗಿನ ಹೆಸರುಗಳನ್ನು ರಟ್ಟಿನಿಂದ ಮುಚ್ಚಿ. ಕೆಲವರು ನೋಡುವುದೇ ಬೇಡ ಅನ್ನುತ್ತಿದ್ದರು, ಅದೂ ಸರಿ. ಹೋಗುವ ಮುಂಚೆ ಒಂದೆರಡು ಮಾತು ಕೇಳುತ್ತಿದ್ದೆ. ಬೆಳಿಗ್ಗೆ ಏನು ತಿಂದೆ, ನಿದ್ದೆ ಬರುತ್ತಾ, ಮುಟ್ಟು ಸರಿಯಾಗಿ ಆಗುತ್ತಿದೆಯಾ. ಇದರಿಂದ ಕೆಲಸ ಅರ್ಧ ದಿನದ ಬದಲು ಒಂದು ದಿನ ಹಿಡಿಯುತ್ತಿತ್ತು. ಆದರೆ ತಿಂಗಳುಗಟ್ಟಲೆ ಮುಟ್ಟು ನಿಂತುಹೋಗಿದ್ದ ಹುಡುಗಿಯೊಬ್ಬಳು ತಾಯಿಗೂ ಹೇಳದ ಮಾತನ್ನು ನನಗೆ ಹೇಳಿದ್ದು ಆ ಕೋಣೆಯಲ್ಲೇ. ಸರಿಯಾಗಿ ಉಣ್ಣದಿದ್ದರೆ ಮುಟ್ಟು ನಿಲ್ಲಬಹುದು ಅಂತ ಆ ಮಗುವಿಗೆ ಗೊತ್ತೇ ಇರಲಿಲ್ಲ. ಶಾಲೆಯಲ್ಲಿ ಶಿಕ್ಷಕಿಯೇ ಇಲ್ಲದಿದ್ದರೆ ಅವತ್ತೊಂದು ದಿನ ಉಪಕೇಂದ್ರದ ನರ್ಸಮ್ಮನನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆಸಿ. ಕೇಳಿದರೆ ಅವರು ಬರುತ್ತಾರೆ.

ತೂಕದ ಯಂತ್ರ ವರ್ಷಕ್ಕೆ ಒಂದೆರಡು ದಿನದ ಮಾತು. ಶಿಕ್ಷಕರ ಬಾಯಿ ಮಾತ್ರ ದಿನಾ ಇರುತ್ತದೆ. ‘ಡುಮ್ಮಿ ಎದ್ದು ನಿಲ್ಲು’, ‘ಕುಳ್ಳಿ ಮುಂದೆ ಬಾ’, ‘ಏ ಕರಿಯಮ್ಮ, ಬೋರ್ಡ್ ಒರೆಸು’. ಪ್ರೀತಿಯಿಂದ ಕರೆಯುತ್ತೇವೆ ಅನ್ನುತ್ತಾರೆ. ಪ್ರೀತಿ ಇರಬಹುದು. ಆದರೆ ಶಿಕ್ಷಕರು ಕರೆದ ಹೆಸರು ಹುಡುಗರಿಗೆ ಪರವಾನಗಿ ಕೊಟ್ಟ ಹಾಗೆ. ಮೇಷ್ಟ್ರೇ ಕರೆಯುತ್ತಾರೆ, ನಾವು ಕರೆದರೆ ಏನು ಅಂತ ಅವರು ಕೇಳುತ್ತಾರೆ. ಹೊಗಳಿಕೆಯಲ್ಲೂ ಜೋಪಾನ ಬೇಕು. ರಜೆ ಮುಗಿಸಿ ಬಂದವಳಿಗೆ ‘ಸಣ್ಣ ಆಗಿದ್ದೀಯಲ್ಲ, ಈಗ ಚೆನ್ನಾಗಿ ಕಾಣ್ತೀಯ’ ಅನ್ನುತ್ತೇವೆ. ಆ ಮಗು ಟೈಫಾಯಿಡ್ ಬಂದು ಸಣ್ಣ ಆಗಿರಬಹುದು. ಊಟ ಬಿಟ್ಟು ಆಗಿರಬಹುದು. ನಾವು ಮೆಚ್ಚಿದೆವು ಅಂತ ಇನ್ನೊಂದು ಹೊತ್ತು ಬಿಡುತ್ತಾಳೆ.

ಇನ್ನು ಸ್ಕೂಲ್ ಡೇ ಡಾನ್ಸು, ಪ್ರತಿಭಾ ಕಾರಂಜಿ. ಬೆಳ್ಳಗಿರುವವರು ಮುಂದಿನ ಸಾಲು, ಕಪ್ಪಗಿರುವವರು ಹಿಂದಿನ ಸಾಲು. ಅತಿಥಿಗಳಿಗೆ ಹೂಗುಚ್ಛ ಕೊಡಲು ಪ್ರತಿ ವರ್ಷ ಅದೇ ನಾಲ್ಕು ಮುಖ. ಬಯಲುಸೀಮೆಯ ಬಿಸಿಲಿನಲ್ಲಿ ಹೊಲದಲ್ಲಿ ಈರುಳ್ಳಿ ಕೀಳಲು ಅಮ್ಮನ ಜೊತೆ ಹೋಗುವ ಮಕ್ಕಳು ಇವರು. ಇವರ ಬಣ್ಣ ಇವರದು. ನನಗೆ ಇದರಲ್ಲಿ ಭಯ ಬೇರೆ ಇದೆ. ಹಿಂದಿನ ಸಾಲಿಗೆ ಹೋದ ಹುಡುಗಿ ಬೆಳ್ಳಗಾಗುವ ಕ್ರೀಮ್ ಹುಡುಕಿಕೊಂಡು ಹೋಗುತ್ತಾಳೆ. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಇರುವ ಮುಲಾಮು ತಂದು ದಿನಾ ಮುಖಕ್ಕೆ ಹಚ್ಚಿಕೊಳ್ಳುತ್ತಾಳೆ. ಮೊದಲು ಬೆಳ್ಳಗಾದ ಹಾಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲೂ ಬರಬಹುದು. ಬಿಟ್ಟರೆ ಉರಿ ಜಾಸ್ತಿ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಈ ವಿಷಯ ಮಕ್ಕಳಿಗೆ ಹೇಳಿ, ಅವರ ತಾಯಂದಿರಿಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿ. ಡಾನ್ಸಿನಲ್ಲಿ ಸಾಲು ಬದಲಾಯಿಸುತ್ತಾ ಇರಿ, ಎರಡನೇ ಹಾಡಿಗೆ ಹಿಂದಿನವರು ಮುಂದೆ ಬರಲಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ನನ್ನ ಕ್ಷೇತ್ರ ಮೈದಾನ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಏಳನೇ ತರಗತಿವರೆಗೆ ಕುಂಟೆಬಿಲ್ಲೆ, ಖೋಖೋ ಅಂತ ಓಡಾಡುತ್ತಿದ್ದ ಹುಡುಗಿಯರು ಎಂಟನೇ ತರಗತಿಗೆ ಬಂದ ಕೂಡಲೇ ಮರದ ಕೆಳಗೆ ಕೂರುತ್ತಾರೆ. ‘ಹೊಟ್ಟೆ ನೋವು ಮಿಸ್’ ಅನ್ನುತ್ತಾರೆ. ಕೆಲವರಿಗೆ ನಿಜವಾಗಿಯೂ ನೋವಿರುತ್ತದೆ. ಹಲವರಿಗೆ ಓಡಿದರೆ ಮೈ ಕುಲುಕುತ್ತದೆ, ಹುಡುಗರು ನೋಡುತ್ತಾರೆ ಅನ್ನುವ ಸಂಕೋಚ. ಇದು ಸೋಮಾರಿತನ ಅಲ್ಲ, ಬೈದರೆ ಹೋಗುವುದಿಲ್ಲ. ಬಟ್ಟೆ ಸರಿ ಇರಬೇಕು. ಬಿಗಿಯಾದ ತೆಳು ಟೀ ಶರ್ಟ್ ಕೊಟ್ಟು ಓಡು ಅಂದರೆ ಯಾರು ಓಡುತ್ತಾರೆ? ದೊಗಲೆ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಇರಲಿ. ಓಡುವ ಹುಡುಗಿಗೆ ಎಂಥ ಒಳ ಉಡುಪು ಬೇಕು ಅನ್ನುವುದನ್ನು ಶಿಕ್ಷಕಿ ನಾಚಿಕೆ ಬಿಟ್ಟು ಹೇಳಬೇಕು, ತಾಯಿಗೂ ಹೇಳಬೇಕು. ವಾರದಲ್ಲಿ ಒಂದು ಪೀರಿಯಡ್ ಹುಡುಗಿಯರಿಗೇ ಮೈದಾನ ಬಿಟ್ಟುಕೊಡಬೇಕು. ಶನಿವಾರದ ಬಿಳಿ ಸಮವಸ್ತ್ರ ಮುಟ್ಟಿನ ದಿನ ಎಷ್ಟು ಕಷ್ಟ ಅಂತ ಯಾವ ಹುಡುಗಿಯನ್ನಾದರೂ ಕೇಳಿ. ಆ ದಿನ ಬಣ್ಣದ ಬಟ್ಟೆ ಹಾಕಿ ಬಂದವಳನ್ನು ಎಲ್ಲರ ಮುಂದೆ ನಿಲ್ಲಿಸಿ ಕಾರಣ ಕೇಳಬೇಡಿ.

ಯಾವ ಮೈಗೆ ಯಾವ ಆಟ ಒಗ್ಗುತ್ತದೆ ಅನ್ನುವುದು ದೈಹಿಕ ಶಿಕ್ಷಕರಿಗೆ ಗೊತ್ತಿರುತ್ತದೆ. ಗುಂಡು ಎಸೆಯಲು ಭುಜ, ತೊಡೆ, ಮೈತೂಕ ಬೇಕು. ಕಬಡ್ಡಿಯಲ್ಲಿ ಮೂಲೆ ಹಿಡಿಯುವವಳಿಗೆ ಕಾಲು ಗಟ್ಟಿ ಇರಬೇಕು. ಪೀಚಲು ಹುಡುಗಿ ದೂರದ ಓಟದಲ್ಲಿ ಎಲ್ಲರನ್ನೂ ದಾಟುತ್ತಾಳೆ. ಥ್ರೋಬಾಲಿನ ಆ ಹುಡುಗಿಗೆ ನಾನು ಹೇಳಿದ್ದು ಇದನ್ನೇ. ‘ನಿನ್ನ ಸರ್ವಿಸ್‌ನಲ್ಲಿ ಇರೋ ಶಕ್ತಿ ಈ ಮೈಯಿಂದ ಬಂದಿರೋದು. ಇದನ್ನ ಕರಗಿಸಿದರೆ ಅದೂ ಹೋಗುತ್ತೆ.’ ಒಂದೇ ದಿನಕ್ಕೆ ಅವಳು ಬದಲಾಗಲಿಲ್ಲ. ದಿನಾ ಊಟಕ್ಕೆ ನನ್ನ ಪಕ್ಕ ಕೂರಿಸಿಕೊಂಡೆ. ಮನೆಗೆ ಹೋಗಿ ತಾಯಿಯ ಹತ್ತಿರ ಮಾತಾಡಿದೆ, ವೈದ್ಯರಿಗೆ ತೋರಿಸಿದೆವು. ತಿಂಗಳುಗಳೇ ಹಿಡಿದವು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದರು. ನಮ್ಮ ಜಿಲ್ಲೆಯವರೇ ಆದ ರಕ್ಷಿತಾ ರಾಜು ಕಣ್ಣಿನ ದೃಷ್ಟಿ ಇಲ್ಲದೆಯೂ 1500 ಮೀಟರ್ ಓಟದಲ್ಲಿ ಏಷ್ಯನ್ ಪ್ಯಾರಾ ಗೇಮ್ಸ್ ಚಿನ್ನ ತಂದರು. ಮಣಿಪುರದ ಮೀರಾಬಾಯಿ ಚಾನು ಐದಡಿಯೂ ಇಲ್ಲ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ತರಗತಿಯ ಗೋಡೆಗೆ ಇವರ ಚಿತ್ರ ಹಾಕಿ. ಕೆಳಗೆ ಅವರು ಮಾಡಿದ ಸಾಧನೆ ಬರೆಯಿರಿ.

ಮೊಬೈಲ್ ಬಂದು ಹಾಳಾಯಿತು ಅಂತ ಎಲ್ಲರೂ ಹೇಳುತ್ತಾರೆ. ಬೈದು ಸುಮ್ಮನಾದರೆ ಆಗುವುದಿಲ್ಲ. ಪೆಸಿಫಿಕ್ ಸಾಗರದ ಫಿಜಿಯಲ್ಲಿ ನಡೆದ ಸಂಗತಿಯನ್ನು ಎಲ್ಲ ಶಿಕ್ಷಕರೂ ತಿಳಿದುಕೊಳ್ಳಬೇಕು. ಅಲ್ಲಿ ದಷ್ಟಪುಷ್ಟವಾಗಿರುವುದೇ ಚೆಂದ ಅನ್ನುವ ಸಂಪ್ರದಾಯವಿತ್ತು. ಒಂದು ಪ್ರಾಂತ್ಯಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಹಾರ್ವರ್ಡ್‌ನ ಸಂಶೋಧಕಿ ಆನ್ ಬೆಕರ್ ಅದೇ ವರ್ಷ ಅಲ್ಲಿನ ಶಾಲಾ ಹುಡುಗಿಯರನ್ನು ಕೇಳಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 11 ಮಂದಿ ಹೌದು ಅಂದರು. ಬರೀ ಮೂರು ವರ್ಷದಲ್ಲಿ! ಅದು ಕೂತು ನೋಡುವ ಟಿ.ವಿ. ಈಗಿನದು ಹಾಸಿಗೆಯವರೆಗೂ ಬರುವ ಫೋನು, ಅದರಲ್ಲಿ ಮುಖ ಬೆಳ್ಳಗೆ ಮಾಡುವ, ಸೊಂಟ ಸಣ್ಣ ಮಾಡುವ ಫಿಲ್ಟರು. ನಾನು ಒಮ್ಮೆ ನನ್ನ ಫೋನನ್ನೇ ತರಗತಿಗೆ ತಂದು, ನನ್ನ ಮುಖಕ್ಕೇ ಫಿಲ್ಟರ್ ಹಾಕಿ ತೋರಿಸಿದೆ. ನೆರಿಗೆ ಹೋಯಿತು, ಮೂಗು ಸಣ್ಣ ಆಯಿತು, ಬಣ್ಣ ತಿಳಿಯಾಯಿತು. ‘ಇದು ನಾನಾ?’ ಅಂತ ಕೇಳಿದೆ. ‘ಅಲ್ಲ ಮಿಸ್’ ಅಂತ ಎಲ್ಲರೂ ಕೂಗಿದರು. ಹಾಗಾದರೆ ನೀವು ದಿನಾ ನೋಡುವವರು ಹೇಗಿರಬಹುದು ಅಂತ ಅವರವರೇ ಮಾತಾಡಲಿ ಅಂತ ಬಿಟ್ಟೆ. ಆ ಚರ್ಚೆ ಬೆಲ್ ಹೊಡೆದರೂ ನಿಲ್ಲಲಿಲ್ಲ. ನಾವು ಭಾಷಣ ಮಾಡುವುದಕ್ಕಿಂತ ಮಕ್ಕಳ ಬಾಯಲ್ಲೇ ವಾದ ಹೇಳಿಸಿದರೆ ಅದು ಮನಸ್ಸಿಗೆ ಇಳಿಯುತ್ತದೆ. ಹುಡುಗರೂ ಅಲ್ಲೇ ಇರಬೇಕು. ಅವರಿಗೂ ತೋಳು ದಪ್ಪ ಇಲ್ಲ, ಮೀಸೆ ಬಂದಿಲ್ಲ ಅನ್ನುವ ಸಂಕಟ ಇದೆ, ಅವರೂ ಹೇಳಿಕೊಳ್ಳುವುದಿಲ್ಲ.

ಶಿಕ್ಷಕ ಮಿತ್ರರು ಕೆಲವು ಲಕ್ಷಣಗಳನ್ನು ಗಮನಿಸಬೇಕು. ಊಟದ ಹೊತ್ತಿಗೆ ದಿನಾ ಒಂದೊಂದು ನೆಪ. ಉಂಡ ಕೂಡಲೇ ಶೌಚಾಲಯಕ್ಕೆ ಹೋಗುವುದು. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬಿಚ್ಚದಿರುವುದು. ಕೂದಲು ಉದುರುವುದು, ಪದೇ ಪದೇ ತಲೆಸುತ್ತು. ಗುಂಪು ಫೋಟೋ ತೆಗೆಯುವಾಗ ಯಾವಾಗಲೂ ಇನ್ನೊಬ್ಬರ ಹಿಂದೆ ಅಡಗುವುದು. ಇವು ಕಂಡರೆ ತೂಕದ ಮಾತು ಎತ್ತದೆ, ‘ನೀನು ಸಪ್ಪಗಿದ್ದೀಯ, ಏನಾದರೂ ಬೇಜಾರಾ’ ಅಂತ ಒಬ್ಬಳೇ ಇದ್ದಾಗ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮನಸ್ಸಿನ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರನ್ನು ಸ್ಟಾಫ್ ರೂಮಿನ ಗೋಡೆಗಿಂತ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಒಳಗೆ ಅಂಟಿಸಿದರೆ ಹೆಚ್ಚು ಉಪಯೋಗ.

ಶಿಕ್ಷಣ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಮನವಿ ಇದು. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ 2020ರ ಫೆಬ್ರವರಿಯಲ್ಲಿ ಶುರುವಾದಾಗ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡಬೇಕು, ಒಬ್ಬರು ಗಂಡಸು ಒಬ್ಬರು ಹೆಂಗಸು ಇರಲಿ ಅಂತ ಹೇಳಲಾಗಿತ್ತು. ಅದರ 11 ವಿಷಯಗಳಲ್ಲಿ ಆರೋಗ್ಯವಂತರಾಗಿ ಬೆಳೆಯುವುದು, ಮನಸ್ಸಿನ ಆರೋಗ್ಯ, ಪೋಷಣೆ ಎಲ್ಲವೂ ಇವೆ. ಅಂದರೆ ಹೊಸ ಯೋಜನೆ ಬೇಡ, ಹೊಸ ಹಣವೂ ಬೇಡ. ಇರುವುದರ ಒಳಗೇ ಮೈ ಬಗ್ಗೆ ಹೇಗೆ ಮಾತಾಡಬೇಕು, ಹೇಗೆ ಮಾತಾಡಬಾರದು ಅನ್ನುವುದನ್ನು ಸೇರಿಸಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ದೈಹಿಕ ಶಿಕ್ಷಕರಿಗೆ ತರಬೇತಿ ಕೊಡುವಾಗ ಆಟದ ನಿಯಮಾವಳಿ, ಅಂಕಣದ ಅಳತೆ ಹೇಳಿಕೊಡುವ ಹಾಗೆ ತೂಕ ತೆಗೆಯುವ ಕ್ರಮವನ್ನೂ ಮಾಡಿ ತೋರಿಸಿ. ತೂಕ, ಎತ್ತರವನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬಾರದು, ವಾಟ್ಸ್ಆ್ಯಪ್ ಗುಂಪಿಗೆ ಪಟ್ಟಿ ಹಾಕಬಾರದು ಅಂತ ಒಂದು ಸಾಲಿನ ಸೂಚನೆ ಕಳಿಸಿ.

ಅದು ಬರುವವರೆಗೆ ಕಾಯಬೇಕಾಗಿಲ್ಲ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ ನಡೆದೇ ನಡೆಯುತ್ತದೆ. ಈ ತಿಂಗಳ ಸಭೆಯಲ್ಲೇ ಅರ್ಧ ಗಂಟೆ ಇದಕ್ಕೆ ಕೊಡಿ. ಕಡೂರು, ಬೀರೂರು, ತರೀಕೆರೆ ಕಡೆಯ ಯಾವ ಕ್ಲಸ್ಟರ್‌ನವರು ಕರೆದರೂ ನಾನು ಬರುತ್ತೇನೆ. ನನಗೆ ಹಾರ ತುರಾಯಿ, ಖರ್ಚು ಏನೂ ಬೇಡ. ಒಂದು ತೂಕದ ಯಂತ್ರ, ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇದ್ದರೆ ಸಾಕು, ಹೇಗೆ ಮಾಡಬೇಕು ಅಂತ ನಿಂತು ತೋರಿಸುತ್ತೇನೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕಿ
ಕಡೂರು, ಚಿಕ್ಕಮಗಳೂರು ಜಿಲ್ಲೆ